ಟ್ರ್ಯಾಕ್ಟರಿಗಿರುವ ನಿಯಮ ಚಾರ್ಜರಿಗೇಕಿಲ್ಲ?

ಬಾಗಲಕೋಟೆ ಜಿಲ್ಲೆಯ ತೇರದಾಳದ ಸೀಮೆ ಕಬ್ಬು ಮತ್ತು ಅರಿಷಿಣದ ಸೀಮೆ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ದಾರಿಗಳಲ್ಲಿ ಟ್ರೇಲರ್ ಎಳೆದು ಸಾಗುವ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಆ ಸಾಲಿನಲ್ಲಿ ಕೆಂಪು, ನೀಲಿ, ಹಸಿರು ಎಲ್ಲ ಬಣ್ಣದವೂ ಇರುತ್ತವೆ. ಕಂಪನಿ ಬೇರೆ, ಬೆಲೆ ಬೇರೆ, ಸಾಲ ಕೊಟ್ಟ ಬ್ಯಾಂಕೂ ಬೇರೆ. ಆದರೂ ಒಬ್ಬ ರೈತನ ಪಲ್ಟಿ ನೇಗಿಲನ್ನು ಪಕ್ಕದ ಹೊಲದವನು ಎರವಲು ಪಡೆದು ತನ್ನ ಟ್ರ್ಯಾಕ್ಟರಿಗೆ ಜೋಡಿಸಿಕೊಳ್ಳುತ್ತಾನೆ. ರೋಟಾವೇಟರನ್ನು ಬಾಡಿಗೆಗೆ ತಂದವನು 'ಇದು ನಿಮ್ಮ ಕಂಪನಿಗೆ ಹೊಂದುತ್ತದೆಯೆ?' ಎಂದು ಕೇಳುವುದೇ ಇಲ್ಲ. ಹೊಂದಿಯೇ ಹೊಂದುತ್ತದೆ.

ಈ ಹೊಂದಾಣಿಕೆ ತಾನಾಗಿ ಬಂದುದಲ್ಲ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಉಪಕರಣವನ್ನು ಹಿಡಿದೆತ್ತುವ ಮೂರು ತೋಳುಗಳ ಜೋಡಣೆಯನ್ನು ರೂಪಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಎಂಬ ಎಂಜಿನಿಯರು. 1920ರ ದಶಕದಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದ. 1939ರಲ್ಲಿ ಹೆನ್ರಿ ಫೋರ್ಡನ ಟ್ರ್ಯಾಕ್ಟರಿನೊಡನೆ ಅದು ಹೊಲಗಳಿಗೆ ಬಂತು. ಉಳಿದ ಕಂಪನಿಗಳು ಬಹುಕಾಲ ತಮ್ಮತಮ್ಮ ಜೋಡಣೆಗಳನ್ನೇ ಹಿಡಿದುಕೊಂಡಿದ್ದವು. ಅವರ ಟ್ರ್ಯಾಕ್ಟರು ಕೊಂಡವನು ನೇಗಿಲನ್ನೂ ಅವರಲ್ಲಿಯೇ ಕೊಳ್ಳಬೇಕಿತ್ತು. ಮುಂದೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಭಾರತೀಯ ಮಾನಕ ಸಂಸ್ಥೆಯೂ ಆ ಮೂರು ತೋಳುಗಳ ಅಳತೆಯನ್ನು ಎಲ್ಲರಿಗೂ ಒಂದೇ ಎಂದು ನಿಗದಿಪಡಿಸಿದವು. ಶಕ್ತಿಯನ್ನು ಉಪಕರಣಕ್ಕೆ ದಾಟಿಸುವ ಪಿಟಿಒ ದಂಡಕ್ಕೂ ಹೀಗೆಯೇ ಅಳತೆ ಬಂತು: 35 ಮಿಲಿಮೀಟರ್ ದಪ್ಪ, 6 ಹಲ್ಲು, ನಿಮಿಷಕ್ಕೆ 540 ಸುತ್ತು. ಇಂದು ಸಣ್ಣ ಪಟ್ಟಣದ ವೆಲ್ಡಿಂಗ್ ಶಾಪಿನವನೂ ಕಲ್ಟಿವೇಟರ್, ಕುಂಟೆ, ಬಿತ್ತುವ ಕೂರಿಗೆ ಮಾಡಿ ಮಾರಬಲ್ಲನಾದರೆ, ಅದಕ್ಕೆ ಯಾವ ಕಂಪನಿಯ ಅನುಮತಿಯೂ ಅವನಿಗೆ ಬೇಡವೆಂದಾದರೆ, ಕಾರಣ ಈ ಬಹಿರಂಗ ಅಳತೆಯೇ. ಮಾನಕವೆಂಬ ಶುಷ್ಕವಾದ ಪದದ ಹಿಂದೆ ಒಂದು ಸೀಮೆಯ ಕುಲುಮೆಗಳ ಬದುಕು ಇದೆ.

ಅದೇ ರೈತನ ಮನೆಯೊಳಗೆ ಹೋಗಿ ಗೋಡೆಯ ಗೂಡನ್ನು ನೋಡಿದರೆ ಕಾಣುವುದು ಬೇರೆಯೇ ಚಿತ್ರ. ಅಲ್ಲಿ ಹೆಣೆದುಕೊಂಡು ಬಿದ್ದಿರುವ ವಯರುಗಳಲ್ಲಿ ಹಳೆಯ ನೋಕಿಯಾದ ಸಣ್ಣ ಪಿನ್ನು, ಕೀಪ್ಯಾಡ್ ಫೋನಿನ ಮೈಕ್ರೋ ಪಿನ್ನು, ಮಗನ ಸ್ಮಾರ್ಟ್ ಫೋನಿನ ಸಿ ಟೈಪ್, ಟಾರ್ಚಿನದೊಂದು ದುಂಡು ಪಿನ್ನು, ಬೆನ್ನಿಗೆ ಹೊರುವ ಬ್ಯಾಟರಿ ಸ್ಪ್ರೇಯರಿನದು ಇನ್ನೊಂದು ದುಂಡು ಪಿನ್ನು. ಘಟ್ಟದ ಮೇಲಿನ ಅಡಿಕೆ ತೋಟದ ಮನೆಯ ಗೂಡೂ ಇದಕ್ಕಿಂತ ಬೇರೆಯಲ್ಲ. ಅಲ್ಲಿ ಹಣೆಗೆ ಕಟ್ಟುವ ದೀಪದ ಚಾರ್ಜರು ಒಂದು ಹೆಚ್ಚಿಗೆ ಇರುತ್ತದೆ. ಉಪಕರಣ ಸತ್ತು ಎಷ್ಟೋ ವರ್ಷವಾದ ಮೇಲೂ ಚಾರ್ಜರು ಬದುಕಿರುತ್ತದೆ. ಬೇರೆಯದಕ್ಕೆ ಬಾರದು, ಎಸೆಯಲು ಮನಸ್ಸೂ ಬಾರದು.

ಈ ಗೊಂದಲಕ್ಕೆ ಕಾನೂನಿನ ಮೂಲಕ ಕೈಹಾಕಿದ್ದು ಐರೋಪ್ಯ ಒಕ್ಕೂಟ. ಮೊದಲು ಅದೂ ಕಂಪನಿಗಳ ಸದ್ಬುದ್ಧಿಯನ್ನೇ ನಂಬಿತ್ತು. 2009ರಲ್ಲಿ 14 ತಯಾರಕರು ಸ್ವಇಚ್ಛೆಯಿಂದ ಒಪ್ಪಂದಕ್ಕೆ ಸಹಿ ಹಾಕಿ ಮೈಕ್ರೋ ಪಿನ್ನನ್ನು ಒಪ್ಪಿಕೊಂಡರು. 30ಕ್ಕೂ ಹೆಚ್ಚು ಬಗೆಯ ಚಾರ್ಜರುಗಳು ಕ್ರಮೇಣ ಮೂರಕ್ಕೆ ಇಳಿದವು ಎಂಬುದು ನಿಜ. ಆದರೆ ಮೂರು ಒಂದಾಗಲಿಲ್ಲ. ಆಪಲ್ ಕಂಪನಿ ತನ್ನ ಪಿನ್ನನ್ನು ಬಿಡದೆ, ಒಪ್ಪಂದದ ಮಾತು ಉಳಿಸಲೆಂದು ಮಧ್ಯೆ ಸಿಕ್ಕಿಸುವ ಅಡಾಪ್ಟರೊಂದನ್ನು ಬೇರೆಯಾಗಿ ಮಾರಿತು. 2012ರಲ್ಲಿ ಲೈಟ್ನಿಂಗ್ ಎಂಬ ಮತ್ತೊಂದು ಸ್ವಂತ ಪಿನ್ನನ್ನು ತಂದಿತು. ಹತ್ತು ವರ್ಷಗಳ ಮನವೊಲಿಕೆ ಅಲ್ಲಿಗೇ ನಿಂತಿತು. 2022ರ ಅಕ್ಟೋಬರ್ 4ರಂದು ಐರೋಪ್ಯ ಸಂಸತ್ತು 13 ಮತಗಳ ವಿರುದ್ಧ 602 ಮತಗಳಿಂದ ಕಡ್ಡಾಯ ಕಾನೂನಿಗೆ ಒಪ್ಪಿಗೆ ಕೊಟ್ಟಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟಕ್ಕಿಡುವ ಹೊಸ ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಕಿವಿಗೆ ಸಿಕ್ಕಿಸುವ ಸಾಧನ, ಸ್ಪೀಕರುಗಳಿಗೆಲ್ಲ ಸಿ ಟೈಪ್ ಕಿಂಡಿಯೇ ಇರಬೇಕು. ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರ ಗಡುವು ಕೊಡಲಾಯಿತು. ಚಾರ್ಜರು ಬೇಡವೆನ್ನುವ ಗ್ರಾಹಕನಿಗೆ ಬರೀ ಉಪಕರಣವನ್ನು ಕೊಳ್ಳುವ ಹಕ್ಕೂ ಸಿಕ್ಕಿತು. ಹೊಸತನಕ್ಕೆ ಇದು ಮಾರಕ ಎಂದು ದೂರುತ್ತಲೇ ಇದ್ದ ಆಪಲ್, ಗಡುವಿಗೆ ಒಂದು ವರ್ಷ ಮೊದಲೇ, 2023ರ ಸೆಪ್ಟೆಂಬರಿನಲ್ಲಿ, ಸಿ ಟೈಪ್ ಇರುವ ಐಫೋನನ್ನು ಬಿಡುಗಡೆ ಮಾಡಿತು. ಅಷ್ಟೇ ಅಲ್ಲ, ಜಗತ್ತಿಗೆಲ್ಲ ಅದನ್ನೇ ಕಳಿಸಿತು. ಒಂದು ಖಂಡಕ್ಕೊಂದು ಪಿನ್ನು ಮಾಡುವುದು ಲಾಭದ ಲೆಕ್ಕಕ್ಕೆ ಹೊಂದುವುದಿಲ್ಲವಷ್ಟೆ.

ಕಿಂಡಿಯ ಆಕಾರ ಒಂದಾದರೆ ಸಾಲದು ಎಂಬುದನ್ನು ಆ ಕಾನೂನು ಅರಿತಿದೆ. ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಗಮನಿಸಿ ನೋಡಬೇಕು. ಹಳ್ಳಿಯ ಮನೆಗಳಲ್ಲಿ ಅತಿ ಹೆಚ್ಚು ಅನಾಹುತಕ್ಕೆ ಎಡೆಕೊಡುವುದು ದುಂಡು ಪಿನ್ನು. ಟಾರ್ಚಿನ ದುಂಡು ಪಿನ್ನು ಸ್ಪ್ರೇಯರಿನ ಕಿಂಡಿಯೊಳಗೆ ಸಲೀಸಾಗಿ ಇಳಿದೀತು. ಆದರೆ ಒಂದರಲ್ಲಿ ಬರುವುದು 5 ವೋಲ್ಟ್, ಇನ್ನೊಂದಕ್ಕೆ ಬೇಕಾದುದು 12ಕ್ಕೂ ಮೇಲು. ಧನ-ಋಣಗಳು ಅದಲುಬದಲಾಗಿರುವುದೂ ಉಂಟು. ಸ್ಪ್ರೇಯರುಗಳಲ್ಲಿಯೇ ಸೀಸದ ಬ್ಯಾಟರಿಯವು ಕೆಲವು, ಲಿಥಿಯಂ ಬ್ಯಾಟರಿಯವು ಕೆಲವು. ಎರಡರ ಚಾರ್ಜಿಂಗ್ ವೋಲ್ಟೇಜು ಒಂದೇ ಅಲ್ಲ. ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂ ಬ್ಯಾಟರಿಗೆ ಹಾಕಿದರೆ ಬ್ಯಾಟರಿ ಉಬ್ಬಬಹುದು, ಹೊತ್ತಿಕೊಳ್ಳಲೂಬಹುದು. ದುಂಡು ಪಿನ್ನಿಗೆ ಇದಾವುದೂ ತಿಳಿಯದು. ಸಿಕ್ಕಿಸಿದ ಕೂಡಲೇ ತನ್ನಲ್ಲಿರುವುದನ್ನು ಸುರಿಯುವುದಷ್ಟೇ ಅದರ ಕೆಲಸ.

ಸಿ ಟೈಪ್ ಹಾಗಲ್ಲ. 24 ಸಣ್ಣ ಸಂಪರ್ಕಗಳಿರುವ ಈ ಕಿಂಡಿಗೆ ವಯರನ್ನು ಹೇಗೆ ತಿರುಗಿಸಿ ಚುಚ್ಚಿದರೂ ಸರಿಯೇ. 'ಪವರ್ ಡೆಲಿವರಿ' ಎಂಬ ವ್ಯವಸ್ಥೆ ಅಳವಡಿಸಿದ ಚಾರ್ಜರು ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಬಳಿಕ ಉಪಕರಣವೂ ಚಾರ್ಜರೂ ಪರಸ್ಪರ ಸಂಕೇತ ಕಳಿಸಿಕೊಳ್ಳುತ್ತವೆ. ಉಪಕರಣ ಕೇಳಿದರೆ, ಚಾರ್ಜರಿಗೆ ಶಕ್ತಿಯಿದ್ದರೆ, 9, 15 ಅಥವಾ 20 ವೋಲ್ಟಿಗೆ ಏರುತ್ತದೆ. ಕೇಳದಿದ್ದರೆ ಇಲ್ಲ. ವೇಗದ ಚಾರ್ಜಿಂಗಿಗೂ ಈ ಒಂದೇ ಸಂಕೇತಭಾಷೆಯನ್ನು ಅಳವಡಿಸಬೇಕೆಂದು ಐರೋಪ್ಯ ಕಾನೂನು ವಿಧಿಸಿದೆ. ಇಲ್ಲವಾದರೆ ಕಿಂಡಿಯನ್ನು ಒಂದೇ ಮಾಡಿ, ಒಳಗಿನ ಭಾಷೆಯನ್ನು ಬೇರೆಯಿಟ್ಟು, 'ನಮ್ಮ ಚಾರ್ಜರು ಹಾಕಿದರೆ ಮಾತ್ರ ಬೇಗ ತುಂಬುತ್ತದೆ' ಎಂದು ಕಂಪನಿಗಳು ಹಳೆಯ ಆಟವನ್ನೇ ಮುಂದುವರಿಸುತ್ತಿದ್ದವು.

ಈ ಲೆಕ್ಕವನ್ನು ಸ್ಪ್ರೇಯರಿಗೆ ಅನ್ವಯಿಸಿ ನೋಡಬಹುದು. 12 ವೋಲ್ಟಿನ, 8 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು 96 ವ್ಯಾಟ್-ಗಂಟೆ. ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರಿಗೆ ಇದು ದೊಡ್ಡ ಹೊರೆಯಲ್ಲ. ಲಿಥಿಯಂ ಬ್ಯಾಟರಿಯಾದರೆ ಸುಮಾರು ಎರಡು ಗಂಟೆಯ ಕೆಲಸ. ಅಂದರೆ ಫೋನು, ಲ್ಯಾಪ್‌ಟಾಪು, ಟಾರ್ಚು, ಸ್ಪ್ರೇಯರು ನಾಲ್ಕಕ್ಕೂ ಒಂದೇ ಚಾರ್ಜರು ಸಾಕಾಗುವಂತೆ ಮಾಡಲು ತಾಂತ್ರಿಕ ಅಡ್ಡಿಯೇನೂ ಇಲ್ಲ. ಹೀಗಿದ್ದೂ ಸ್ಪ್ರೇಯರುಗಳು ಐರೋಪ್ಯ ಕಾನೂನಿನ ಪಟ್ಟಿಯಲ್ಲಿಲ್ಲ. ಆ ಪಟ್ಟಿ ನಗರದ ಮೇಜಿನ ಮೇಲಿರುವ ವಸ್ತುಗಳ ಪಟ್ಟಿ. ಅದನ್ನೇ ಹಾಗೆಯೇ ನಕಲು ಮಾಡಿಕೊಂಡರೆ ಭಾರತದ ಹೊಲಕ್ಕೂ ತೋಟಕ್ಕೂ ಅರ್ಧ ಲಾಭ ಮಾತ್ರ.

ಭಾರತದಲ್ಲಿ ಆದದ್ದೇನು? 2022ರ ಆಗಸ್ಟ್ 17ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ತಯಾರಕರನ್ನೂ ತಜ್ಞರನ್ನೂ ಕೂಡಿಸಿ ಸಮಾನ ಚಾರ್ಜರಿನ ಚರ್ಚೆ ಆರಂಭಿಸಿತು. ಅದೇ ವರ್ಷದ ನವೆಂಬರ್ 16ರ ಸಭೆಯಲ್ಲಿ ಸ್ಮಾರ್ಟ್ ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪುಗಳಿಗೆ ಸಿ ಟೈಪ್ ಎಂಬ ಒಮ್ಮತ ಮೂಡಿತು. 2023ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೋ ಅಂತರರಾಷ್ಟ್ರೀಯ ಮಾನಕವನ್ನೇ ಸ್ವೀಕರಿಸಿ ಪ್ರಕಟಿಸಿತು. ಕಡಿಮೆ ಬೆಲೆಯ ಕೀಪ್ಯಾಡ್ ಫೋನುಗಳಿಗೆ ಬೇರೆ ಚಾರ್ಜರು ಇರಲಿ, ಇಲ್ಲವಾದರೆ ಬೆಲೆ ಏರೀತು ಎಂಬ ವಾದ ಆ ಚರ್ಚೆಗಳಲ್ಲಿ ಬಂದಿತ್ತು. ಬಡವರ ಹೆಸರಿನಲ್ಲಿ ಬಂದ ವಾದ ಅದು. ಆದರೆ ಒಂದೇ ಮನೆಯಲ್ಲಿ ಅಪ್ಪನ ಬಳಿ ಕೀಪ್ಯಾಡ್ ಫೋನು, ಮಗಳ ಬಳಿ ಸ್ಮಾರ್ಟ್ ಫೋನು ಇರುವುದೇ ಹಳ್ಳಿಯ ವಾಡಿಕೆ. ಅಲ್ಲಿ ಎರಡು ಬಗೆಯ ಪಿನ್ನು ಎಂದರೆ ಎರಡು ಚಾರ್ಜರಿನ ಖರ್ಚು ಎಂದೇ ಅರ್ಥ. ಕಿಂಡಿಯಲ್ಲಿ ಉಳಿಸಿದ ಕೆಲವು ರೂಪಾಯಿಯನ್ನು ಆ ಮನೆ ಎರಡನೆಯ ಚಾರ್ಜರಿಗೆ ಸುರಿಯಬೇಕಾಗುತ್ತದೆ.

ಮಾನಕ ಪ್ರಕಟವಾಗುವುದು ಬೇರೆ, ಕಡ್ಡಾಯವಾಗುವುದು ಬೇರೆ. ಈ ಎರಡರ ನಡುವಿನ ಅಂತರವೇ ಈ ಲೇಖನದ ಕಾಳಜಿ. ಬ್ಯೂರೋ ಪ್ರಕಟಿಸುವ ಮಾನಕಗಳಲ್ಲಿ ಬಹುಪಾಲು ಐಚ್ಛಿಕ. 2016ರ ಮಾನಕ ಬ್ಯೂರೋ ಕಾಯಿದೆಯ 16ನೆಯ ವಿಧಿಯಂತೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದಾಗ ಮಾತ್ರ ಅದಕ್ಕೆ ಹಲ್ಲು ಬರುತ್ತದೆ. ಸರ್ಕಾರಕ್ಕೆ ಇದು ಹೊಸ ವಿದ್ಯೆಯೇನಲ್ಲ. ಎಲೆಕ್ಟ್ರಾನಿಕ್ ಸಾಮಗ್ರಿಗಳ ಕಡ್ಡಾಯ ನೋಂದಣಿಗೆ 2012ರಲ್ಲಿಯೇ ಆದೇಶ ಬಂತು. 2014ರಲ್ಲಿ ಮೊಬೈಲು, ಪವರ್ ಬ್ಯಾಂಕುಗಳೂ ಅದರೊಳಗೆ ಸೇರಿದವು. ಬೆಂಕಿ ಹತ್ತದಂತೆ, ಶಾಕ್ ಹೊಡೆಯದಂತೆ ಚಾರ್ಜರು ಇರಬೇಕೆಂಬುದು ಇದರಿಂದ ಕಾನೂನಾಯಿತು. ಚಾರ್ಜರಿನ ಮೈಮೇಲೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ಸಂತೆಯಲ್ಲಿ ಕೊಳ್ಳುವಾಗ ನೋಡುವುದು ಒಳ್ಳೆಯದು. ಸುರಕ್ಷತೆಗೆ ಕಡ್ಡಾಯ ಮಾಡಿದ ಕೈಗೆ ಹೊಂದಾಣಿಕೆಗೆ ಕಡ್ಡಾಯ ಮಾಡುವುದು ಭಾರವೆ?

ವಾಹನಗಳ ವಿಷಯದಲ್ಲಿ ಇದೇ ಕಥೆ ಕರ್ನಾಟಕದ ಅಂಗಳದಲ್ಲಿಯೇ ನಡೆದಿದೆ. ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಆದರೆ ಸ್ಕೂಟರುಗಳ ಚಾರ್ಜಿಂಗ್ ಪಿನ್ನು ಕಂಪನಿಗೊಂದರಂತೆ ಬೆಳೆಯಿತು. ಬೆಂಗಳೂರಿನ ಏಥರ್ ಎನರ್ಜಿ 2021ರಲ್ಲಿ ತನ್ನ ಪಿನ್ನಿನ ವಿನ್ಯಾಸವನ್ನು ಇತರ ತಯಾರಕರಿಗೂ ತೆರೆದಿಟ್ಟಿತು. 2023ರ ಅಕ್ಟೋಬರಿನಲ್ಲಿ ಅದೇ ವಿನ್ಯಾಸವನ್ನು ಆಧರಿಸಿ ಲಘು ವಾಹನಗಳ ಭಾರತೀಯ ಮಾನಕ ಹೊರಬಂತು. ಒಂದು ಕಂಪನಿ ತನ್ನ ಬೇಲಿಯನ್ನು ತಾನೇ ತೆಗೆದದ್ದು ಮೆಚ್ಚತಕ್ಕದ್ದು. ಆದರೆ ಬೇಲಿ ತೆಗೆಯದವರನ್ನು ಕೇಳುವವರಾರು? ಮಲೆನಾಡಿನ ಘಾಟಿಯಲ್ಲಿ ಚಾರ್ಜು ಮುಗಿದ ಸ್ಕೂಟರಿನವನಿಗೆ ಎದುರಿಗೇ ಚಾರ್ಜಿಂಗ್ ಕೇಂದ್ರವಿದ್ದೂ ಪಿನ್ನು ಹೊಂದದಿದ್ದರೆ, ಆ ಕೇಂದ್ರ ಅವನ ಪಾಲಿಗೆ ಬರಿಯ ಕಂಬ. ಪೆಟ್ರೋಲ್ ಬಂಕಿನ ನಳಿಕೆ ಯಾವ ಬೈಕಿಗೂ ಹೊಂದುತ್ತದೆ. ಮೂರೂ ಸರ್ಕಾರಿ ಕಂಪನಿಗಳ 14.2 ಕಿಲೋ ಅಡುಗೆ ಅನಿಲದ ಸಿಲಿಂಡರುಗಳಿಗೆ ಒಂದೇ ಬಗೆಯ ರೆಗ್ಯುಲೇಟರ್ ಹೊಂದುತ್ತದೆ. ಹಳೆಯ ಇಂಧನಕ್ಕೆ ದೊರೆತ ಶಿಸ್ತು ಹೊಸ ಇಂಧನಕ್ಕೆ ಬೇಡವೆಂದರೆ ಆಶ್ಚರ್ಯವೇ ಸರಿ.

ಇನ್ನು ಕಸದ ಲೆಕ್ಕ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ. ಯುರೋಪಿನಲ್ಲಿ ಎಸೆದ ಮತ್ತು ಬಳಸದೆ ಉಳಿದ ಚಾರ್ಜರುಗಳ ಕಸ ವರ್ಷಕ್ಕೆ 11,000 ಟನ್ ಎಂದು ಅಂದಾಜು. ಹೊಸ ಕಾನೂನಿನಿಂದ ಅದರಲ್ಲಿ ಕಡಿಮೆಯಾಗುವುದು ವರ್ಷಕ್ಕೆ ಸಾವಿರ ಟನ್ನಿಗೂ ತುಸು ಕಡಿಮೆ ಎಂದು ಅಲ್ಲಿನ ಆಯೋಗವೇ ಹೇಳಿದೆ. ಇದು ದೊಡ್ಡ ಅಂಕಿಯಲ್ಲ. ಪರಿಸರವಾದಿಗಳು ಇದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಕಿಂಡಿ ಒಂದಾದರೆ ಭೂಮಿ ಉಳಿದೀತೆಂದು ಸಾರುವವರು ಉತ್ಪ್ರೇಕ್ಷೆ ಮಾಡುತ್ತಾರೆ. ಫೋನು ಬೇಗ ಸಾಯುವುದು ಬ್ಯಾಟರಿಯಿಂದ. ಬಳಕೆದಾರನೇ ಬ್ಯಾಟರಿ ಬದಲಿಸಿಕೊಳ್ಳುವಂತಿರಬೇಕು ಎಂಬ ಐರೋಪ್ಯ ನಿಯಮ 2027ರ ಫೆಬ್ರವರಿ 18ಕ್ಕೆ ನಿಗದಿಯಾಗಿದ್ದು, ಕಸದ ದೃಷ್ಟಿಯಿಂದ ಅದರ ತೂಕವೇ ಹೆಚ್ಚು.

ಆದರೂ ಚಾರ್ಜರಿನ ಕಸಕ್ಕೆ ಒಂದು ವಿಶೇಷ ಕೇಡು ಇದೆ. ಫೋನನ್ನು ಗುಜರಿಯವನು ದುಡ್ಡು ಕೊಟ್ಟು ಒಯ್ಯುತ್ತಾನೆ. ಚಾರ್ಜರನ್ನು ಯಾರೂ ಕೇಳುವುದಿಲ್ಲ. ಅದು ತಿಪ್ಪೆಗೆ ಬೀಳುತ್ತದೆ, ತಿಪ್ಪೆಯಿಂದ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ. ಇಲ್ಲವೆ ಒಳಗಿನ ತಾಮ್ರದ ಆಸೆಗೆ ಯಾರೋ ವಯರನ್ನು ಬಯಲಿನಲ್ಲಿ ಸುಡುತ್ತಾರೆ. ವಯರಿನ ಹೊದಿಕೆ ಪಿವಿಸಿ. ಅದು ಉರಿದಾಗ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ಗಳು ಹೊರಬರುತ್ತವೆ. ಹಳೆಯ ಹೊದಿಕೆಗಳಲ್ಲಿ, ಬೆಸುಗೆಗಳಲ್ಲಿ ಸೀಸವಿರುತ್ತದೆ. ಸೀಸ, ಕ್ಯಾಡ್ಮಿಯಂಗಳು ಎಲೆ ಕೊಳೆತಂತೆ ಕೊಳೆಯುವ ವಸ್ತುಗಳಲ್ಲ. ಮಣ್ಣಿಗೆ ಸೇರಿದವು ಅಲ್ಲಿಯೇ ನೆಲೆಸುತ್ತವೆ. ಕ್ಯಾಡ್ಮಿಯಂ ಅಂತೂ ಸೊಪ್ಪಿನ ಬೆಳೆಗಳಿಗೆ ಸುಲಭವಾಗಿ ಏರುತ್ತದೆ, ಹುಳಿಮಣ್ಣಿನಲ್ಲಿ ಇನ್ನೂ ಸುಲಭವಾಗಿ. ಮಲೆನಾಡಿನ ಮಣ್ಣು ಹುಳಿಮಣ್ಣು ಎಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿ ದಾಬಸ್‌ಪೇಟೆಯ ಇ-ಪರಿಸರದಂಥ ಮರುಬಳಕೆ ಘಟಕಗಳು 2005ರಿಂದಲೇ ಇವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಗುರಿಯನ್ನೂ ಹೊರಿಸಿವೆ. ಆದರೆ ತೇರದಾಳದ ತಿಪ್ಪೆಯಿಂದಲೋ ಘಟ್ಟದ ಹಳ್ಳದಿಂದಲೋ ಒಂದು ಹಳೆಯ ಚಾರ್ಜರನ್ನು ದಾಬಸ್‌ಪೇಟೆಗೆ ಒಯ್ಯುವ ಗಾಡಿ ಯಾವುದು? ಹೊರಬರದ ಕಸವೇ ಇಲ್ಲಿ ಒಳ್ಳೆಯ ಕಸ.

ಕಂಪನಿಗಳ ಆಕ್ಷೇಪದಲ್ಲಿ ಒಂದು ಮಾತ್ರ ಗಂಭೀರವಾದದ್ದು. 2009ರಲ್ಲಿಯೇ ಮೈಕ್ರೋ ಪಿನ್ನನ್ನು ಕಾನೂನು ಮಾಡಿದ್ದರೆ ಅದಕ್ಕಿಂತ ಉತ್ತಮವಾದ ಸಿ ಟೈಪ್ ಬರುತ್ತಿತ್ತೆ ಎಂಬ ಪ್ರಶ್ನೆ ಅದು. ಕಲ್ಲಿನಲ್ಲಿ ಕೊರೆದ ಕಾನೂನಾದರೆ ಬರುತ್ತಿರಲಿಲ್ಲ. ಆದ್ದರಿಂದಲೇ ಐರೋಪ್ಯ ಕಾನೂನಿನಲ್ಲಿ ತಂತ್ರಜ್ಞಾನ ಮುಂದುವರಿದಂತೆ ಮಾನಕವನ್ನು ಬದಲಿಸಲು ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ಪಿಟಿಒ ಮಾನಕದಲ್ಲಿಯೂ 540ರ ಜೊತೆಗೆ 1,000 ಸುತ್ತಿನ ದಂಡ ಮುಂದೆ ಸೇರಿಕೊಂಡಿತು. ಅದರಿಂದ ಹಳೆಯ ನೇಗಿಲುಗಳೇನೂ ಮೂಲೆ ಸೇರಲಿಲ್ಲ.

ಹೊಂದಾಣಿಕೆಯಿಲ್ಲದಿದ್ದಾಗ ಬೆಲೆ ತೆರುವವರು ಯಾರೆಂಬುದಕ್ಕೆ ತೇರದಾಳದ ಸೀಮೆಗೆ ಹಳೆಯ ಅನುಭವವಿದೆ. ಆ ಭಾಗಕ್ಕೆ ಹತ್ತಿರದ ರೈಲು ನಿಲ್ದಾಣ ಕುಡಚಿ. 1971ರಲ್ಲಿ ಪುಣೆ-ಮಿರಜ ಮಾರ್ಗ ಬ್ರಾಡ್‌ಗೇಜ್ ಆಯಿತು; ಮಿರಜದಿಂದ ಕುಡಚಿ, ಬೆಳಗಾವಿಯ ಕಡೆಗಿನ ಮಾರ್ಗ 1990ರ ದಶಕದವರೆಗೂ ಮೀಟರ್‌ಗೇಜ್ ಆಗಿಯೇ ಉಳಿಯಿತು. ಒಂದರ ಹಳಿಗಳ ಅಂತರ 1,676 ಮಿಲಿಮೀಟರ್, ಇನ್ನೊಂದರದು 1,000. ಪುಣೆಯ ಕಡೆಗೆ ಹೊರಟ ಸರಕನ್ನು ಮಿರಜದಲ್ಲಿ ಒಂದು ವ್ಯಾಗನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಇಳಿಸಿ ಏರಿಸುವ ಕೂಲಿ, ಒಡೆದು ಚೆಲ್ಲಿದ ನಷ್ಟ, ಕಾದ ದಿನಗಳು ಇವೆಲ್ಲ ಬೆಳೆದವನ ಮತ್ತು ಕೊಳ್ಳುವವನ ತಲೆಗೇ ಬಂದವು. 1992ರಲ್ಲಿ ರೈಲ್ವೆ ಇಲಾಖೆ ಏಕಗೇಜ್ ಯೋಜನೆ ಕೈಗೊಂಡಾಗ ಮೀಟರ್‌ಗೇಜಿನ ಹೊಸತನಕ್ಕೆ ಧಕ್ಕೆ ಬಂತೆಂದು ಯಾರೂ ಅತ್ತದ್ದಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಯರು ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕುಗಳ ಊರುಗಳು ಮುಳುಗಿದಾಗ, ಅದೇ ತಿಂಗಳು ಕೊಡಗು, ಚಿಕ್ಕಮಗಳೂರಿನ ಗುಡ್ಡಗಳು ಕುಸಿದವು. ಘಟ್ಟದ ಮೇಲೆ ಬಿದ್ದ ಮಳೆಯೇ ಬಯಲನ್ನೂ ಮುಳುಗಿಸಿತ್ತು. ಇಂಥ ದಿನಗಳಲ್ಲಿ ವಿದ್ಯುತ್ತು ಮೊದಲು ಹೋಗುತ್ತದೆ. ಪರಿಹಾರ ಕೇಂದ್ರದಲ್ಲಿ ಒಂದು ಜನರೇಟರು, ಒಂದು ಬೋರ್ಡು, ನೂರಾರು ಫೋನು. ಮನೆ ಬಿಟ್ಟು ಓಡಿಬಂದವನ ಕೈಯಲ್ಲಿ ಫೋನು ಇರುತ್ತದೆ, ಚಾರ್ಜರು ಇರುವುದಿಲ್ಲ. ಅಲ್ಲಿ ಯಾರ ವಯರಾದರೂ ಯಾರ ಫೋನಿಗಾದರೂ ಹೊಂದುವುದು ಅನುಕೂಲದ ಮಾತಾಗಿ ಉಳಿಯುವುದಿಲ್ಲ. ವಿಪತ್ತು ನಿರ್ವಹಣೆಯ ಕೈಪಿಡಿ ಬರೆಯುವವರು ಚಾರ್ಜರಿನ ಮಾನಕವನ್ನೂ ಅದರಲ್ಲಿ ಸೇರಿಸಬೇಕು.

ಆದ್ದರಿಂದ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಸ್ಪಷ್ಟವಾಗಿದೆ. ಸಿ ಟೈಪ್ ಮಾನಕವನ್ನು 16ನೆಯ ವಿಧಿಯಡಿ ಕಡ್ಡಾಯಗೊಳಿಸಬೇಕು, ಕೀಪ್ಯಾಡ್ ಫೋನನ್ನು ಹೊರಗಿಡಬಾರದು. 100 ವ್ಯಾಟಿನೊಳಗಿನ ಎಲ್ಲ ಬ್ಯಾಟರಿ ಉಪಕರಣಗಳೂ, ಅಂದರೆ ಟಾರ್ಚು, ಸ್ಪ್ರೇಯರು, ಸೌರ ಲಾಂದ್ರ, ಕೊಂಬೆ ಕತ್ತರಿಸುವ ಬ್ಯಾಟರಿ ಕತ್ತರಿಗಳೂ ಪಟ್ಟಿಯಲ್ಲಿರಬೇಕು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ದುರಸ್ತಿ ಹಕ್ಕಿನ ತಾಣ ಕೃಷಿ ಉಪಕರಣ ಮತ್ತು ಮೊಬೈಲುಗಳೆರಡನ್ನೂ ಒಂದೇ ಸೂರಿನಡಿ ತಂದಿತ್ತು. ಚಾರ್ಜರಿನ ವಿಷಯದಲ್ಲಿ ಹಾಗೆ ಮಾಡಲು ಅಡ್ಡಿಯೇನು? ಅಡ್ಡಿ ಇರುವುದು ಕಚೇರಿಯ ಗೋಡೆಗಳಲ್ಲಿ. ಮಾನಕ ಬ್ಯೂರೋದಲ್ಲಿ ಚಾರ್ಜರಿನ ಮಾನಕ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ವಿಭಾಗದ ಕೆಲಸ. ಕೃಷಿ ಯಂತ್ರೋಪಕರಣಗಳದು ಆಹಾರ ಮತ್ತು ಕೃಷಿ ವಿಭಾಗದ ಕೆಲಸ. ಸ್ಪ್ರೇಯರಿನ ಟ್ಯಾಂಕು ಒಬ್ಬರದು, ಅದರ ಕಿಂಡಿ ಇನ್ನೊಬ್ಬರದು. ಬ್ಯೂರೋ ತನ್ನ ಕರಡು ಮಾನಕಗಳನ್ನು ಅಂತಿಮಗೊಳಿಸುವ ಮುನ್ನ ಸಾರ್ವಜನಿಕರ ಅಭಿಪ್ರಾಯಕ್ಕೆ ಪ್ರಕಟಿಸುತ್ತದೆ. ಅದಕ್ಕೆ ಉತ್ತರ ಬರೆಯುವವರು ಹೆಚ್ಚಾಗಿ ಕಂಪನಿಗಳ ಪ್ರತಿನಿಧಿಗಳು. ಕೃಷಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಹತ್ತು ಮನೆಗಳ ಗೂಡಿನಲ್ಲಿರುವ ಚಾರ್ಜರುಗಳನ್ನು ಎಣಿಸಿ, ಪಿನ್ನು, ವೋಲ್ಟೇಜುಗಳ ವಿವರದೊಡನೆ ಆ ಎರಡೂ ವಿಭಾಗಗಳಿಗೆ ಬರೆಯಬಹುದು. ಸ್ಪ್ರೇಯರಿನ ಕರಡು ಮುಂದೆ ಪರಿಷ್ಕರಣೆಗೆ ಬಂದಾಗ ಕಡತದಲ್ಲಿ ಕಂಪನಿಗಳ ಪತ್ರಗಳ ಜೊತೆ ಆ ಎಣಿಕೆಯೂ ಇರಲಿ.